ಜಾಹೀರಾತು ಕರಾಚಿಯದು, ಹೆಣ ನಮ್ಮೂರಿನದು: ಭಯ ಹುಟ್ಟಿಸುವ ಪ್ರಚಾರದ ಬಿಲ್ಲು ಯಾರಿಗೆ?

ಗಲ್ಲಿಯಲ್ಲಿ ಹುಡುಗರು ಕ್ರಿಕೆಟ್ ಆಡುತ್ತಿದ್ದಾರೆ. ಬೈಕಿನಲ್ಲಿ ಇಬ್ಬರು ಬರುತ್ತಾರೆ. ಒಂದು ಮಗುವನ್ನು ಎತ್ತಿಕೊಂಡು ಹೋಗೇಬಿಡುತ್ತಾರೆ. ಉಳಿದ ಹುಡುಗರು ಹಿಂದೆಯೇ ಓಡುತ್ತಾರೆ. ನೋಡಿದರೆ ಯಾವುದೋ ಅಂಗಡಿ ಮೇಲಿನ ಸಿಸಿಟಿವಿಯಲ್ಲಿ ಸೆರೆಯಾದ ದೃಶ್ಯದ ಹಾಗೇ ಇದೆ.

ಇದು 2016ರಲ್ಲಿ ಪಾಕಿಸ್ತಾನದ ಕರಾಚಿಯಲ್ಲಿ ತಯಾರಾದ ಜಾಹೀರಾತು. ಕಾಣೆಯಾದ ಮಕ್ಕಳಿಗಾಗಿ ಕೆಲಸ ಮಾಡುವ ರೋಶ್ನಿ ಹೆಲ್ಪ್‌ಲೈನ್ ಎಂಬ ಸಂಸ್ಥೆಯದು. ಪೂರ್ತಿ ನೋಡಿದರೆ ಕೊನೆಯಲ್ಲಿ ಅದೇ ಬೈಕು ವಾಪಸ್ ಬರುತ್ತದೆ, ಮಗುವನ್ನು ಇಳಿಸುತ್ತದೆ. ಕರಾಚಿಯ ಬೀದಿಯಲ್ಲಿ ಮಗುವನ್ನು ಕದಿಯೋಕೆ ಒಂದು ಕ್ಷಣ ಸಾಕು, ಹುಷಾರು ಅನ್ನುವ ಬೋರ್ಡನ್ನು ಸವಾರ ಹಿಡಿದು ತೋರಿಸುತ್ತಾನೆ. ಒಳ್ಳೆಯ ಉದ್ದೇಶ, ಒಳ್ಳೆಯ ಸಂದೇಶ. ಆದರೆ ಯಾರೋ ಒಬ್ಬ ಆ ಕೊನೆಯ ತುಣುಕನ್ನು ಕತ್ತರಿಸಿದ. ಉಳಿದದ್ದು 2018ರಲ್ಲಿ ನಮ್ಮ ವಾಟ್ಸಾಪ್ ಗ್ರೂಪುಗಳಿಗೆ ಬಂತು. ಜೊತೆಗೆ, ಉತ್ತರದಿಂದ ನೂರಾರು ಮಕ್ಕಳ ಕಳ್ಳರು ಬಂದಿಳಿದಿದ್ದಾರೆ ಅನ್ನುವ ಆಡಿಯೋ ಮೆಸೇಜುಗಳೂ ಬಂದವು.

ಆ ವರ್ಷ ಏಪ್ರಿಲ್ ಕೊನೆಗೆ ತಮಿಳುನಾಡಿನ ವೆಲ್ಲೂರು ಕಡೆ ಹಿಂದಿ ಮಾತಾಡುತ್ತಿದ್ದ ಒಬ್ಬನನ್ನು ಜನ ಹೊಡೆದು ಕೊಂದರು. ಮೇ 9ರಂದು ತಿರುವಣ್ಣಾಮಲೈ ಜಿಲ್ಲೆಯಲ್ಲಿ, ದೇವಸ್ಥಾನಕ್ಕೆ ಹೊರಟಿದ್ದ 65 ವರ್ಷದ ಅಜ್ಜಿ ದಾರಿಯಲ್ಲಿ ಮಕ್ಕಳಿಗೆ ಚಾಕಲೇಟ್ ಕೊಟ್ಟರು. ಅಷ್ಟಕ್ಕೇ ಅವರನ್ನು ಕೊಂದರು. ಮೇ 23ರಂದು ಬೆಂಗಳೂರಿನ ಚಾಮರಾಜಪೇಟೆಯಲ್ಲಿ, ಕೆಲಸ ಹುಡುಕಿಕೊಂಡು ಬಂದಿದ್ದ ರಾಜಸ್ಥಾನದ 26 ವರ್ಷದ ಯುವಕನನ್ನು ಕಟ್ಟಿ ಹಾಕಿ ಹೊಡೆದು ಸಾಯಿಸಿದರು. ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಹೈದರಾಬಾದಿನಿಂದ ಕಾರಿನಲ್ಲಿ ಬಂದ ಗೆಳೆಯರಲ್ಲಿ 32 ವರ್ಷದ ಇಂಜಿನಿಯರ್ ಒಬ್ಬ ಸತ್ತ. ಅಲ್ಲೂ ಚಾಕಲೇಟೇ ನೆಪ. ಈ ಸಾವುಗಳಿಗೆಲ್ಲ ಆ ಒಂದು ಕ್ಲಿಪ್ಪೇ ಕಾರಣ ಅಂತ ನಾನು ಹೇಳುತ್ತಿಲ್ಲ. ಆದರೆ ಆ ದಿನಗಳಲ್ಲಿ ಅತಿ ಹೆಚ್ಚು ಹರಿದಾಡಿದ, 'ಕಣ್ಣಾರೆ ನೋಡಿದೆ' ಅನ್ನಿಸಿದ ಸಾಕ್ಷ್ಯಗಳಲ್ಲಿ ಅದೂ ಒಂದು.

ಗಡಿ ತಾಲ್ಲೂಕುಗಳ ಗಾಬರಿ

ವೆಲ್ಲೂರಿಂದ ಬೆಂಗಳೂರಿಗೆ ಈ ಸುದ್ದಿ ಹಾರಿಕೊಂಡೇನೂ ಬರಲಿಲ್ಲ. ಅದು ನಮ್ಮ ಕಡೆ ಹಾದೇ ಬಂತು. ನಮ್ಮ ಕಡೆ ಅಂದರೆ ಕೋಲಾರ ಜಿಲ್ಲೆ. ಮುಳಬಾಗಿಲಿನಿಂದ ನಂಗಲಿ ದಾಟಿದರೆ ಚಿತ್ತೂರು ಜಿಲ್ಲೆ. ಶ್ರೀನಿವಾಸಪುರದ ರಾಯಲ್ಪಾಡು ದಾಟಿದರೂ ಆಂಧ್ರವೇ. ಮಾಲೂರಿನ ಆಚೆ ಹೊಸೂರು, ಅಲ್ಲಿ ತಮಿಳು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ಮೂರೂ ಮಾತಾಡುವ ಜನ ನಾವು. ಇದು ನಮ್ಮ ಹೆಮ್ಮೆ. ಆದರೆ ಸುಳ್ಳಿಗೆ ಇದೇ ಅನುಕೂಲ: ತೆಲುಗಿನ ಆಡಿಯೋ ಇಲ್ಲಿ ಅನುವಾದ ಇಲ್ಲದೆ ಓಡುತ್ತದೆ, ತಮಿಳಿನದ್ದೂ ಓಡುತ್ತದೆ. ಕನ್ನಡದಲ್ಲಿ ಮಾತ್ರ ಬರುವ ಪೊಲೀಸ್ ಪ್ರಕಟಣೆ ಅದರ ಹಿಂದೆ ಏದುಸಿರು ಬಿಡುತ್ತಾ ಬರುತ್ತದೆ. ಸಾಲದ್ದಕ್ಕೆ ಚಿನ್ನದ ಗಣಿ ಕಾಲದಿಂದ ಕೆಜಿಎಫ್ ಬೇರೆಯೇ ಪೊಲೀಸ್ ಜಿಲ್ಲೆ. ಒಂದು ಜಿಲ್ಲೆಗೆ ಇಬ್ಬರು ಎಸ್ಪಿ. ಗಾಳಿಸುದ್ದಿಗೆ ಆ ಗಡಿಯೂ ಗೊತ್ತಿಲ್ಲ.

ಇನ್ನೂ ಒಂದು ಮಾತಿದೆ. ಮೇ ತಿಂಗಳು ಅಂದರೆ ಶ್ರೀನಿವಾಸಪುರಕ್ಕೆ ಮಾವಿನ ಸುಗ್ಗಿ. ಹೊರ ರಾಜ್ಯದ ವ್ಯಾಪಾರಿಗಳು, ಲಾರಿ ಡ್ರೈವರುಗಳು, ಕ್ಲೀನರುಗಳು ಊರಿಗೆ ಬರೋ ಕಾಲ. ಕೋಲಾರದ ಎಪಿಎಂಸಿಯಿಂದ ಟೊಮೆಟೊ ದೇಶದ ಉದ್ದಗಲಕ್ಕೂ ಹೋಗುತ್ತದೆ. ಅದನ್ನು ಒಯ್ಯಲು ಬರುವವರಿಗೆ ಕನ್ನಡ ಬರಲ್ಲ. ಮಾಲೂರಿನ ಇಟ್ಟಿಗೆ ಗೂಡುಗಳಲ್ಲಿ, ಕೈಗಾರಿಕಾ ಪ್ರದೇಶದಲ್ಲಿ, ನರಸಾಪುರ, ವೇಮಗಲ್‌ನ ಕಾರ್ಖಾನೆಗಳಲ್ಲಿ ಒಡಿಶಾ, ಬಿಹಾರ, ಬಂಗಾಳದ ಹುಡುಗರಿದ್ದಾರೆ. 'ಹಿಂದಿ ಮಾತಾಡೋ ಅಪರಿಚಿತ' ಅನ್ನುವ ಆ ಮೆಸೇಜಿನ ಗುರುತು ನಮ್ಮಲ್ಲಿ ಸಾವಿರಾರು ಜನರಿಗೆ ಹೊಂದುತ್ತದೆ. ಆ ವರ್ಷ ಮೇ 12ಕ್ಕೆ ವಿಧಾನಸಭೆ ಚುನಾವಣೆ ಬೇರೆ. ಪ್ರಚಾರಕ್ಕಾಗಿ ಪಕ್ಷಗಳೆಲ್ಲ ವಾಟ್ಸಾಪ್ ಗ್ರೂಪುಗಳನ್ನು ಕಟ್ಟಿ, ಕಂಡಕಂಡವರನ್ನು ಸೇರಿಸಿ ಇಟ್ಟಿದ್ದವು. ಎಲೆಕ್ಷನ್ ಮುಗಿಯಿತು, ಗ್ರೂಪುಗಳು ಉಳಿದವು. ಖಾಲಿ ಬಿದ್ದ ಆ ಕಾಲುವೆಯಲ್ಲಿ ಏನು ಬೇಕಾದರೂ ಹರಿಯಬಹುದಿತ್ತು.

ಮುಳಬಾಗಿಲು ಕಡೆಯ ನನ್ನ ದೊಡ್ಡಮ್ಮ ಆಗ ಫೋನ್ ಮಾಡಿ, 'ಹುಡುಗರ್ನ ಆಚೆ ಬಿಡ್ಬೇಡ್ರಪ್ಪಾ, ವಿಡಿಯೋನೇ ಐತೆ' ಅಂದಿದ್ದರು. ಆ 'ವಿಡಿಯೋನೇ ಐತೆ' ಅನ್ನುವುದರಲ್ಲೇ ಇದೆ ಎಲ್ಲ. ದೊಡ್ಡಮ್ಮ ಪೆದ್ದಿ ಅಲ್ಲ. ಅಸಲಿ ಥರ ಕಾಣಬೇಕು ಅಂತಲೇ ಮಾಡಿದ್ದನ್ನು ಅವರು ಅಸಲಿ ಅಂದುಕೊಂಡರು. ಜಾಹೀರಾತು ಗೆದ್ದಿತು ಅಂತಲೇ ಹೇಳಬೇಕು.

ಜಾಹೀರಾತು ಅಂತ ಗೊತ್ತಾಗಬಾರದು, ಅದೇ ತಂತ್ರ

ಕರಾಚಿಯ ಫಿಲ್ಮನ್ನು ಮಾಡಿದವರನ್ನು ದೂರಲು ನನಗೆ ಮನಸ್ಸಿಲ್ಲ. ಅವರು ತಮ್ಮ ಬೋರ್ಡನ್ನು ತೋರಿಸಿದ್ದರು. ಆದರೆ ಅದರ ವ್ಯಾಕರಣ ಇವತ್ತು 'ಗೆರಿಲ್ಲಾ ಮಾರ್ಕೆಟಿಂಗ್' ಅಂತ ಕರೆಸಿಕೊಳ್ಳುವ ಇಡೀ ಪದ್ಧತಿಯ ವ್ಯಾಕರಣ. ಪೇಪರಿನಲ್ಲಿ, ಟಿವಿಯಲ್ಲಿ ಬಂದರೆ ಜನ ಜಾಹೀರಾತು ಅಂತ ಗುರುತಿಸಿ ಮುಂದೆ ಹೋಗುತ್ತಾರೆ. ಹಾಗಾಗಿ ಬೀದಿಗೆ ಬಾ, ಹೇಳದೆ ಬಾ, ನಿಜದ ವೇಷದಲ್ಲಿ ಬಾ. ಕಾಸು ಕಡಿಮೆ, ಸದ್ದು ಜಾಸ್ತಿ. ಜನ ಬೆಚ್ಚಿಬಿದ್ದರೆ ಅವರೇ ವಿಡಿಯೋ ಮಾಡಿ ಹಂಚುತ್ತಾರೆ, ಪ್ರಚಾರ ಪುಕ್ಕಟೆ. ಕೊನೆಗೆ 'ಸರ್‌ಪ್ರೈಸ್! ಇದು ನಮ್ಮ ಬ್ರ್ಯಾಂಡು' ಅಂದುಬಿಟ್ಟರಾಯಿತು. ತೊಂದರೆ ಏನಂದರೆ, ಬೆಚ್ಚಿಬಿದ್ದವರಿಗೆಲ್ಲ ಆ 'ಸರ್‌ಪ್ರೈಸ್' ತಲುಪಲ್ಲ. ಗಾಬರಿ ಬಸ್ಸು ಹತ್ತಿ ಬರುತ್ತದೆ, ಸ್ಪಷ್ಟನೆ ನಡೆದುಕೊಂಡು ಬರುತ್ತದೆ.

ಈ ಪದ್ಧತಿಯ ಕುಖ್ಯಾತ ಕಥೆ ಅಮೆರಿಕದ ಬಾಸ್ಟನ್ನಿನದು. 2007ರ ಜನವರಿ 31. ಒಂದು ಕಾರ್ಟೂನ್ ಶೋ ಪ್ರಚಾರಕ್ಕಾಗಿ ಎಲ್‌ಇಡಿ ದೀಪ, ವೈರು, ಬ್ಯಾಟರಿ ಇರುವ ಪುಟ್ಟ ಬೋರ್ಡುಗಳನ್ನು ಸೇತುವೆ, ಸ್ಟೇಷನ್ನುಗಳ ಹತ್ತಿರ ಗುಟ್ಟಾಗಿ ಹಾಕಿದ್ದರು. ಬಾಂಬ್ ಅಂತ ದೂರು ಹೋಯಿತು. ಬಾಂಬ್ ನಿಷ್ಕ್ರಿಯ ದಳ ಬಂತು, ರಸ್ತೆ, ಸೇತುವೆಗಳನ್ನು ಮುಚ್ಚಿದರು, ಅರ್ಧ ನಗರ ನಿಂತಿತು. ಪಕ್ಕದಲ್ಲೇ ಹಾರ್ವರ್ಡ್ ಇದೆ, ಎಂಐಟಿ ಇದೆ. ನಮ್ಮ ಹಳ್ಳಿ ಜನಕ್ಕೆ ಬುದ್ಧಿ ಇಲ್ಲ, ಫಾರ್ವರ್ಡ್ ನಂಬುತ್ತಾರೆ ಅಂತ ನಗುವವರು ಇದನ್ನು ನೆನಪಿಟ್ಟುಕೊಳ್ಳಲಿ.

ಅದೇ ಬೋರ್ಡುಗಳನ್ನು ಇನ್ನೂ ಒಂಬತ್ತು ನಗರಗಳಲ್ಲಿ ಹಾಕಿದ್ದರು. ಅಲ್ಲಿ ಯಾರೂ ಹೀಗೆ ಬೆದರಲಿಲ್ಲ. ಒಂದೇ ವಸ್ತು ಒಂದು ಊರಲ್ಲಿ ತಮಾಷೆ, ಇನ್ನೊಂದು ಊರಲ್ಲಿ ಬಾಂಬು. ಸೆಪ್ಟೆಂಬರ್ 11ರಂದು ಅವಳಿ ಗೋಪುರಗಳಿಗೆ ಅಪ್ಪಳಿಸಿದ ಎರಡೂ ವಿಮಾನಗಳು ಹೊರಟಿದ್ದು ಬಾಸ್ಟನ್ನಿನಿಂದ. ಊರಿಗೆ ಊರಿನದೇ ನೆನಪು ಇರುತ್ತದೆ. ಎಸಿ ರೂಮಲ್ಲಿ ಕೂತು ಐಡಿಯಾ ಮಾಡುವವರಿಗೆ ಅದು ಗೊತ್ತಿರಲ್ಲ, ಗೊತ್ತು ಮಾಡಿಕೊಳ್ಳುವ ದರ್ದೂ ಇರಲ್ಲ. 2014ರ ಚರ್ಚ್ ಸ್ಟ್ರೀಟ್ ಸ್ಫೋಟ, 2022ರ ಮಂಗಳೂರಿನ ಆಟೋದ ಕುಕ್ಕರ್, 2024ರ ಮಾರ್ಚ್ 1ರ ರಾಮೇಶ್ವರಂ ಕೆಫೆ ನೋಡಿದ ರಾಜ್ಯದಲ್ಲಿ, ಬಿಟ್ಟುಹೋದ ಬ್ಯಾಗಿಗೆ, ಮಿಣುಕುವ ಡಬ್ಬಕ್ಕೆ ಬೇರೆಯೇ ಅರ್ಥ ಇದೆ. 2018 ನೋಡಿದ ಗಡಿ ತಾಲ್ಲೂಕುಗಳಲ್ಲಿ ಮಗುವನ್ನು ಎತ್ತಿಕೊಂಡು ಓಡುವ 'ಪ್ರಾಂಕ್' ವಿಡಿಯೋಗೂ ಹಾಗೇ.

ಇನ್ನೂರು ರೂಪಾಯಿ ದಂಡ

ನಮ್ಮಲ್ಲೂ ಈ ಕಸುಬು ಚೆನ್ನಾಗಿ ಬೆಳೆದಿದೆ. 2019ರ ನವೆಂಬರಿನಲ್ಲಿ ಬೆಂಗಳೂರಿನ ಯಶವಂತಪುರ ಕಡೆ ಏಳು ಹುಡುಗರು ಬಿಳಿ ಬಟ್ಟೆ ತೊಟ್ಟು, ದೆವ್ವದ ವೇಷದಲ್ಲಿ ರಾತ್ರಿ ಆಟೋದವರನ್ನು, ದಾರಿಹೋಕರನ್ನು ಬೆದರಿಸಿ ಯೂಟ್ಯೂಬಿಗೆ ವಿಡಿಯೋ ಮಾಡುತ್ತಿದ್ದರು. ಸೋಲದೇವನಹಳ್ಳಿ ಪೊಲೀಸರು ಹಿಡಿದು, ಜಾಮೀನಿನ ಮೇಲೆ ಬಿಟ್ಟರು. 2025ರ ಮಾರ್ಚಿನಲ್ಲಿ ರಿಯಾಲಿಟಿ ಶೋ ಖ್ಯಾತಿಯ ಇಬ್ಬರು ಲಾಂಗ್ ಹಿಡಿದು ರೀಲ್ಸ್ ಮಾಡಿ ಬಂಧನಕ್ಕೊಳಗಾದರು. ಎಲ್ಲಕ್ಕಿಂತ ನನಗೆ ನೆನಪಿರುವುದು 2023ರ ಜನವರಿ 24. ಇವೆಂಟ್ ಕಂಪನಿ ನಡೆಸುವ ಒಬ್ಬ ವ್ಯಕ್ತಿ ಕೋಟು ಹಾಕಿ, ಕುತ್ತಿಗೆಗೆ ಗೋಡೆ ಗಡಿಯಾರ ನೇತುಹಾಕಿಕೊಂಡು ಕೆ.ಆರ್. ಮಾರ್ಕೆಟ್ ಫ್ಲೈಓವರ್ ಮೇಲಿಂದ ಹತ್ತು ರೂಪಾಯಿ ನೋಟುಗಳನ್ನು ಕೆಳಗೆ ಎಸೆದ. ಮೇಲೆ ಟ್ರಾಫಿಕ್ ನಿಂತಿತು. ಕೆಳಗೆ ಜನ ರಸ್ತೆ ಮಧ್ಯೆ ನೋಟಿಗೆ ಮುಗಿಬಿದ್ದರು. ಎಸೆದದ್ದೆಲ್ಲ ಸೇರಿ ಸುಮಾರು ಮೂರು ಸಾವಿರ ರೂಪಾಯಿ ಅಂದರು. ಅವತ್ತು ಸಂಜೆ ದೇಶದ ಅಷ್ಟೂ ಚಾನೆಲ್ಲುಗಳಲ್ಲಿ ಆತನೇ. ಮೂರು ಸಾವಿರಕ್ಕೆ ಟಿವಿಯಲ್ಲಿ ಮೂರು ಸೆಕೆಂಡೂ ಸಿಗಲ್ಲ, ಗೊತ್ತಲ್ಲ.

ಈಗ ಕಾನೂನು ನೋಡಿ. ಸಾರ್ವಜನಿಕ ದಾರಿಗೆ ಅಡ್ಡಿಪಡಿಸುವುದಕ್ಕೆ ಹಳೆಯ ಐಪಿಸಿಯ 283ನೇ ಕಲಮಿನಲ್ಲಿ ಇದ್ದ ಗರಿಷ್ಠ ಶಿಕ್ಷೆ 200 ರೂಪಾಯಿ ದಂಡ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯ 285ನೇ ಕಲಮಿನಲ್ಲಿ ಅದು 5000 ಆಗಿದೆ. ಯಾವ ಕಂಪನಿಯಾದರೂ ಇದನ್ನು ಶಿಕ್ಷೆ ಅಂತ ಯಾಕೆ ಅಂದುಕೊಳ್ಳುತ್ತದೆ? ಹೋರ್ಡಿಂಗ್ ಬಾಡಿಗೆಗಿಂತ ಅಗ್ಗ.

ಭಯ ಹಬ್ಬಿಸುವುದಕ್ಕೆ ಬೇರೆ ಕಲಮು ಇದೆ. ಹಿಂದೆ ಐಪಿಸಿ 505, ಈಗ 353. ಮೂರು ವರ್ಷದವರೆಗೆ ಜೈಲು. ಅದರಲ್ಲಿ ಒಂದು ವಿನಾಯಿತಿಯೂ ಇದೆ: ಸುದ್ದಿ ನಿಜ ಅಂತ ನಂಬಲು ಸಕಾರಣ ಇದ್ದು, ಸದುದ್ದೇಶದಿಂದ ಹೇಳಿದವನು ಅಪರಾಧಿ ಅಲ್ಲ. ಅಂದರೆ ಕಾಗದದ ಮೇಲೆ ಕಾನೂನು ಸರಿಯಾಗೇ ಇದೆ. ಗಾಬರಿಯಾಗಿ ನಾಲ್ಕು ಜನಕ್ಕೆ ಕಳಿಸಿದ ನನ್ನ ದೊಡ್ಡಮ್ಮನಿಗೆ ರಕ್ಷಣೆ ಕೋರಲು ದಾರಿ ಇದೆ. ಸುಳ್ಳು ಅಂತ ಗೊತ್ತಿದ್ದೇ ದೃಶ್ಯವನ್ನು ಹೊಸೆದವನಿಗೆ ಆ ದಾರಿ ಇಲ್ಲ. ವಾಸ್ತವದಲ್ಲಿ ಇದು ತಲೆಕೆಳಗು. ಪೊಲೀಸರಿಗೆ ಕೈಗೆ ಸಿಗೋದು ಫಾರ್ವರ್ಡ್ ಮಾಡಿದ ಹುಡುಗ, ಗ್ರೂಪ್ ಅಡ್ಮಿನ್, ಗುಂಪಿನಲ್ಲಿ ನಿಂತಿದ್ದ ಕೂಲಿಯವನು. ಐಡಿಯಾ ಕೊಟ್ಟ ಏಜೆನ್ಸಿ, ದುಡ್ಡು ಕೊಟ್ಟ ಬ್ರ್ಯಾಂಡು ಎಫ್‌ಐಆರ್‌ನಲ್ಲಿ ಕಾಣೋದು ಅಪರೂಪ.

ಹಾಗಂತ ನಮ್ಮ ಸರ್ಕಾರಗಳಿಗೆ ಪೋಸ್ಟರ್ ಹಚ್ಚಿದವರನ್ನು ಹಿಡಿಯೋಕೆ ಬರಲ್ಲ ಅಂತಲ್ಲ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಗೋಡೆಗಳ ಮೇಲೆ ಕಾಂಗ್ರೆಸ್ಸಿನ 'ಪೇಸಿಎಂ' ಪೋಸ್ಟರ್ ಕಂಡಾಗ, 1981ರ ತೆರೆದ ಸ್ಥಳಗಳ ವಿರೂಪ ತಡೆ ಕಾಯ್ದೆಯನ್ನು ಹುಡುಕಿ ತೆಗೆದು ಕಾರ್ಯಕರ್ತರನ್ನು ಬಂಧಿಸಿದರು. ಅದೂ ಗೆರಿಲ್ಲಾ ಪ್ರಚಾರವೇ. ಆದರೆ ಅದನ್ನು ನೋಡಿ ಯಾರೂ ಓಡಲಿಲ್ಲ, ಯಾರಿಗೂ ಏಟು ಬೀಳಲಿಲ್ಲ. ಮುಖ್ಯಮಂತ್ರಿಗೆ ಮುಜುಗರ ಆಯಿತು, ಅಷ್ಟೆ. ಅಧಿಕಾರಕ್ಕೆ ಮುಜುಗರ ಆದರೆ ರಾತ್ರೋರಾತ್ರಿ ಬಂಧನ, ಜನಕ್ಕೆ ಜೀವಭಯ ಆದರೆ ಇನ್ನೂರು ರೂಪಾಯಿ.

ಪಕ್ಷ ಬದಲಾಯಿತು, ಬುದ್ಧಿ ಬದಲಾಗಿಲ್ಲ. 2025ರಲ್ಲಿ ಹೊರಬಿದ್ದ ಕಾಂಗ್ರೆಸ್ ಸರ್ಕಾರದ ಸುಳ್ಳು ಸುದ್ದಿ ತಡೆ ಮಸೂದೆಯ ಕರಡಿನಲ್ಲಿ ಏಳು ವರ್ಷದವರೆಗೆ ಜೈಲು, ಹತ್ತು ಲಕ್ಷ ರೂಪಾಯಿವರೆಗೆ ದಂಡ ಇತ್ತು. ಆಗ ಅದಕ್ಕೆ ವಿರೋಧ ಬಂದದ್ದು ನ್ಯಾಯವೇ. ಅಂಥ ಕಾಯ್ದೆ ಬಂದರೆ ಮೊದಲು ಸಿಕ್ಕಿಬೀಳೋದು ಶ್ರೀನಿವಾಸಪುರದ ಪಿಯುಸಿ ಹುಡುಗ. ಬೆಂಗಳೂರಿನ ಏಜೆನ್ಸಿಯ ಕ್ರಿಯೇಟಿವ್ ಡೈರೆಕ್ಟರ್ ಅಲ್ಲ.

ಒಳ್ಳೇ ಉದ್ದೇಶಕ್ಕಾದರೆ ಪರವಾಗಿಲ್ಲವೇ?

ಇದನ್ನು ನನ್ನ ಗೆಳೆಯರೇ ಕೇಳುತ್ತಾರೆ. 2024ರ ಫೆಬ್ರವರಿ 2ರಂದು ನಟಿ ಪೂನಂ ಪಾಂಡೆ ಗರ್ಭಕಂಠದ ಕ್ಯಾನ್ಸರಿನಿಂದ ಸತ್ತರು ಅಂತ ಅವರದೇ ಇನ್‌ಸ್ಟಾಗ್ರಾಂ ಖಾತೆಯಲ್ಲಿ ಸುದ್ದಿ ಬಂತು. ಮಾರನೇ ದಿನ ಅವರೇ ಬಂದು, ಬದುಕಿದ್ದೇನೆ, ಜಾಗೃತಿಗಾಗಿ ಮಾಡಿದೆ ಅಂದರು. ಹಿಂದಿದ್ದ ಏಜೆನ್ಸಿ ಕ್ಷಮೆ ಕೇಳಿತು. ಎಷ್ಟೊಂದು ಜನ ಆ ಕ್ಯಾನ್ಸರಿನ ಬಗ್ಗೆ ಗೂಗಲ್ ಮಾಡಿದರು ನೋಡಿ ಅನ್ನುವ ಸಮರ್ಥನೆಯೂ ಬಂತು. ನನಗೆ ಇದು ಒಪ್ಪಿಗೆಯಿಲ್ಲ. ಆ ಕಾಯಿಲೆಯಿಂದ ಮನೆಯವರನ್ನು ಕಳೆದುಕೊಂಡವರ ದುಃಖವನ್ನು ಒಂದು ದಿನಕ್ಕೆ ಬಾಡಿಗೆಗೆ ತಗೊಂಡ ಹಾಗೆ ಅದು. ಅದಕ್ಕೂ ದೊಡ್ಡ ನಷ್ಟ ಬೇರೆ ಇದೆ. ಮುಂದೆ ನಿಜವಾದ ಎಚ್ಚರಿಕೆ ಬಂದಾಗ ಜನ, 'ಇದೂ ಯಾವುದೋ ಪ್ರಮೋಷನ್ ಇರಬೇಕು ಬಿಡಪ್ಪ' ಅನ್ನುತ್ತಾರೆ. ಮಗು ನಿಜವಾಗಿ ಕಾಣೆಯಾದ ದಿನ, ಬ್ಯಾಗಿನಲ್ಲಿ ನಿಜವಾಗಿ ಬಾಂಬ್ ಇರುವ ದಿನ ಆ ಉದಾಸೀನಕ್ಕೆ ಬೆಲೆ ತೆರಬೇಕಾಗುತ್ತದೆ.

ಲಾಭ ಯಾರದೋ ಬಿಲ್ಲು ಅವರದೇ

ಬಾಸ್ಟನ್ ಕಥೆಯಲ್ಲಿ ನನಗೆ ಇಷ್ಟವಾಗುವ ಭಾಗ ಕೊನೆಯದು. ಬೋರ್ಡು ಹಾಕಿದ ಇಬ್ಬರು ಯುವಕರನ್ನು ಬಂಧಿಸಿದರು, ನಿಜ. ಆದರೆ ಅವರು ಸಮುದಾಯ ಸೇವೆ ಮಾಡಿ, ಕ್ಷಮೆ ಕೇಳಿದ ಮೇಲೆ ಆರೋಪ ಕೈಬಿಟ್ಟರು. ಕಾರ್ಟೂನಿನ ಮಾಲೀಕ ಕಂಪನಿ ಟರ್ನರ್ ಮತ್ತು ಅದರ ಏಜೆನ್ಸಿ 20 ಲಕ್ಷ ಡಾಲರ್ ಕಟ್ಟಿದವು. ಅದರಲ್ಲಿ ಅರ್ಧ ಅವತ್ತಿನ ಪೊಲೀಸ್, ತುರ್ತು ಸೇವೆಗಳ ಖರ್ಚಿಗೆ. ಕಾರ್ಟೂನ್ ನೆಟ್‌ವರ್ಕಿನ ಮುಖ್ಯಸ್ಥ ರಾಜೀನಾಮೆ ಕೊಟ್ಟ. ಬಿಲ್ಲು ಹೋಗಬೇಕಾದ ವಿಳಾಸಕ್ಕೇ ಹೋಯಿತು.

ನಮ್ಮಲ್ಲಿ ಇಂಥದ್ದಕ್ಕೆ ದಾರಿಯೇ ಇಲ್ಲ ಅನ್ನಬೇಡಿ. ದೆಹಲಿಯ 2007ರ ವಿರೂಪ ತಡೆ ಕಾಯ್ದೆ ನೋಡಿ. ಅಪರಾಧ ಬೇರೊಬ್ಬರ ಅಥವಾ ಕಂಪನಿಯ ಲಾಭಕ್ಕಾಗಿ ನಡೆದಿದ್ದರೆ, ತಮಗೆ ಗೊತ್ತಿಲ್ಲದೆ, ಒಪ್ಪಿಗೆ ಇಲ್ಲದೆ ನಡೆಯಿತು ಅಂತ ಸಾಬೀತು ಮಾಡದ ಹೊರತು ಆ ಕಂಪನಿಯ ನಿರ್ದೇಶಕರೂ ತಪ್ಪಿತಸ್ಥರೇ. ಗೋಡೆ ಕೊಳಕಾದರೆ ಇರುವ ಈ ನಿಯಮ, ಜನ ಗಾಬರಿಯಾಗಿ ಓಡಿದರೆ ಯಾಕಿರಬಾರದು? ಗ್ರಾಹಕರ ಕಾಯ್ದೆ ಇದಕ್ಕೆ ಸಾಲದು. 2019ರ ಆ ಕಾಯ್ದೆಯ ಪ್ರಕಾರ ದಾರಿತಪ್ಪಿಸುವ ಜಾಹೀರಾತು ಅಂದರೆ ಸರಕು, ಸೇವೆಯ ಬಗ್ಗೆ ಸುಳ್ಳು ಹೇಳುವುದು. ಸೋಪಿನ ಬಗ್ಗೆ ಸುಳ್ಳು ಹೇಳಿದರೆ ಕೇಳೋರಿದ್ದಾರೆ. ಸೋಪು ಮಾರೋಕೆ ಊರನ್ನೇ ಬೆದರಿಸಿದರೆ ಅದು ಆ ವ್ಯಾಖ್ಯೆಯೊಳಗೆ ಸಲೀಸಾಗಿ ಕೂರಲ್ಲ.

ಲಾಭ ಒಬ್ಬರದು, ಹೊಣೆ ಇನ್ನೊಬ್ಬರದು ಆದರೆ ಏನಾಗುತ್ತದೆ ಅಂತ ನಮ್ಮ ಜಿಲ್ಲೆಗೆ ಇನ್ನೊಂದು ರೀತಿಯಲ್ಲೂ ಗೊತ್ತು. 2025ರ ಜೂನ್ 4, ಚಿನ್ನಸ್ವಾಮಿ ಕ್ರೀಡಾಂಗಣ. ಅದು ಬೆದರಿಸುವ ಪ್ರಚಾರ ಅಲ್ಲ, ಸಂಭ್ರಮಕ್ಕೆ ಕರೆಯುವ ಪ್ರಚಾರ. ಆದರೆ ಬೆಳಿಗ್ಗೆ ಏಳಕ್ಕೇ ಆರ್‌ಸಿಬಿಯ ಸಾಮಾಜಿಕ ಜಾಲತಾಣದಲ್ಲಿ ಆಹ್ವಾನ ಹೋಯಿತು, ಪೊಲೀಸರ ಅನುಮತಿ ಇರಲಿಲ್ಲ ಅಂತ ಸರ್ಕಾರವೇ ಹೈಕೋರ್ಟಿಗೆ ಹೇಳಿದೆ. ಸುಮಾರು 35 ಸಾವಿರ ಜನ ಹಿಡಿಸುವ ಜಾಗಕ್ಕೆ ಲಕ್ಷಗಟ್ಟಲೆ ಜನ ಬಂದರು. 11 ಜನ ಸತ್ತರು. ಅವರಲ್ಲಿ ಕೋಲಾರದ ಯುವತಿಯೂ ಒಬ್ಬರು. ಅಷ್ಟು ಜನ ಸೇರಿದ್ದಕ್ಕೆ ಮೇಲ್ನೋಟಕ್ಕೆ ಆರ್‌ಸಿಬಿಯೇ ಹೊಣೆ ಅಂತ ಕೇಂದ್ರ ಆಡಳಿತಾತ್ಮಕ ನ್ಯಾಯಮಂಡಳಿ ಹೇಳಿತು. ವಿಧಾನಸೌಧದ ಮೆಟ್ಟಿಲ ಮೇಲೆ ಅದೇ ದಿನ ಸನ್ಮಾನ ಇಟ್ಟುಕೊಂಡ ಸರ್ಕಾರದ ಪಾಲೂ ಕಡಿಮೆಯಲ್ಲ ಅನ್ನುವುದು ನನ್ನ ಅಭಿಪ್ರಾಯ. ಯಾರ ಹೊಣೆ ಎಷ್ಟು ಅನ್ನುವುದನ್ನು ನ್ಯಾಯಾಲಯ ನೋಡಿಕೊಳ್ಳಲಿ. ಆಮೇಲೆ ಬಂದ ಜನಸಂದಣಿ ನಿಯಂತ್ರಣ ಮಸೂದೆ, ಆಯೋಜಕರೇ ಮುಚ್ಚಳಿಕೆ ಬರೆದುಕೊಡಬೇಕು ಅನ್ನುವ ತತ್ವವನ್ನಾದರೂ ಒಪ್ಪಿಕೊಂಡಿದೆ. ಜನರನ್ನು ಒಂದೆಡೆ ಸೇರಿಸುವವನಿಗೆ ಈ ನಿಯಮ ಆದರೆ, ಜನರನ್ನು ದಿಕ್ಕಾಪಾಲಾಗಿ ಓಡಿಸುವವನಿಗೂ ಆಗಬೇಕು.

ನಾನು ಕೇಳುತ್ತಿರುವುದು ಹೊಸ ಜೈಲು ಕಾಯ್ದೆಯನ್ನಲ್ಲ. ಬೀದಿಯಲ್ಲಿ ನಿಜದ ವೇಷದ ಪ್ರಚಾರ ಮಾಡುವವನು ಮೊದಲೇ ಆ ಠಾಣೆಗೆ ತಿಳಿಸಿರಬೇಕು, 112ಕ್ಕೆ ಕರೆ ಬಂದರೆ ಉತ್ತರ ಗೊತ್ತಿರಬೇಕು. ಅಪಹರಣ, ಬಾಂಬ್, ಕೊಲೆ ತೋರಿಸುವ ಬರೆದು ಆಡಿಸಿದ ವಿಡಿಯೋದಲ್ಲಿ 'ಇದು ನಟನೆ' ಅನ್ನುವುದು ಕೊನೆಯ ಎರಡು ಸೆಕೆಂಡಿನಲ್ಲಿ ಅಲ್ಲ, ಮೊದಲಿಂದ ಕೊನೆವರೆಗೆ ಚಿತ್ರದ ನಡುವೆಯೇ ಇರಬೇಕು. ಆಗ ಕತ್ತರಿಸಿದರೂ ಅದು ಉಳಿಯುತ್ತದೆ. ಕರಾಚಿಯ ಫಿಲ್ಮಿನಲ್ಲಿ ಇಷ್ಟೊಂದು ಇದ್ದಿದ್ದರೆ ಅದು ಇಲ್ಲಿ ಯಾರ ಕೈಗೂ ಸಾಕ್ಷ್ಯವಾಗಿ ಸಿಗುತ್ತಿರಲಿಲ್ಲ. ಇನ್ನು ಗಾಬರಿ ಆಗೇಬಿಟ್ಟರೆ, ಅವತ್ತಿನ ಪೊಲೀಸ್ ವೆಚ್ಚ, ಏಟು ತಿಂದವನ ಆಸ್ಪತ್ರೆ ಖರ್ಚು, ಅವನ ಕೂಲಿ ನಷ್ಟ ಬ್ರ್ಯಾಂಡಿನ ಹೆಸರಿಗೆ ಬರೆಯಬೇಕು.

2018ರ ಜುಲೈನಲ್ಲಿ, ಬೀದರಿನ ಸಾವಿನ ನಂತರ, ವಾಟ್ಸಾಪ್ ಭಾರತದಲ್ಲಿ ಒಂದು ಸಲಕ್ಕೆ ಐದು ಚಾಟ್‌ಗಳಿಗೆ ಮಾತ್ರ ಫಾರ್ವರ್ಡ್ ಅಂತ ಮಿತಿ ಹಾಕಿತು. ಅದೇ ಜುಲೈ 17ರಂದು, ತೆಹಸೀನ್ ಪೂನಾವಾಲಾ ಪ್ರಕರಣದಲ್ಲಿ, ಗುಂಪು ಹಲ್ಲೆ ತಡೆಯಲು ಪ್ರತಿ ಜಿಲ್ಲೆಯಲ್ಲೂ ನೋಡಲ್ ಅಧಿಕಾರಿ ಇರಬೇಕು ಅಂತ ಸುಪ್ರೀಂ ಕೋರ್ಟ್ ಹೇಳಿತು. ಅಂದರೆ ಕೋಲಾರದಲ್ಲೂ ಒಬ್ಬರು ಇರಬೇಕು. ಈ ಲೇಖನ ಓದುವ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಗೆಳೆಯರು ಒಂದು ಆರ್‌ಟಿಐ ಅರ್ಜಿ ಹಾಕಿ: ಆ ಅಧಿಕಾರಿ ಯಾರು, ಗಾಳಿಸುದ್ದಿ ಬಂದರೆ ತೆಲುಗು, ತಮಿಳು, ಹಿಂದಿಯಲ್ಲಿ ಸ್ಪಷ್ಟನೆ ಕೊಡಲು ಅವರ ಹತ್ತಿರ ಏನು ವ್ಯವಸ್ಥೆ ಇದೆ? ಹತ್ತು ರೂಪಾಯಿ ಶುಲ್ಕ. ಮುಂದಿನ ಮಾವಿನ ಸುಗ್ಗಿಗೆ ಮುಂಚೆ ಉತ್ತರ ಬಂದರೆ ಒಳ್ಳೇದು.